ರಾಶಿಯನ್ನು ಕಣದಲ್ಲೇ ಅಳೆಯಬೇಕು

ಕುಂದಗೋಳ ಸೀಮೆಯ ಗುಡಗೇರಿಯಲ್ಲಿ 1076ರ ಒಂದು ಜೈನ ಶಾಸನವಿದೆ. ಅದರ ವಿಷಯ ಬಸದಿಯ ಭೂಮಿ. ಹಕ್ಕನ್ನು ಎಲ್ಲರ ಕಣ್ಣೆದುರು ಕಲ್ಲಿಗೆ ಹಾಕದಿದ್ದರೆ ಅದು ಬಲ್ಲಿದನ ಪಾಲಾಗುತ್ತದೆಂದು ಈ ಸೀಮೆಯ ಹಿರಿಯರು ಅಂದೇ ಬಲ್ಲರು.

ಇಂಥ ಹಕ್ಕಿಗಾಗಿ ನಡೆಯುವ ಊರಿನ ಜಗಳವನ್ನು ವಕೀಲ ಹತ್ತಿರದಿಂದ ಕಂಡಿರುತ್ತಾನೆ. ಬದುವಿನ ಒಂದು ಮೊಳ ಜಾಗಕ್ಕೆ ಅಣ್ಣತಮ್ಮಂದಿರು ಮೂರು ತಲೆಮಾರು ಕೋರ್ಟಿಗೆ ಅಲೆದದ್ದನ್ನು ನೋಡಿದವನಿಗೆ ಅಧಿಕಾರದ ಗಡಿ ಎಷ್ಟು ಸೂಕ್ಷ್ಮವೆಂದು ಬೇರೆ ಹೇಳಬೇಕಿಲ್ಲ.

ಕಾರಡಗಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ ಎಸ್. ಆರ್. ಬೊಮ್ಮಾಯಿಯವರನ್ನು 1967ರಲ್ಲಿ ಕುಂದಗೋಳ ಕ್ಷೇತ್ರ ಪಕ್ಷೇತರರಾಗಿ ಆರಿಸಿ ಕಳಿಸಿತು. ಪಕ್ಷದ ಬೆನ್ನಿಲ್ಲದವನಿಗೆ ಮತ ಹಾಕುವ ಊರು ಮನುಷ್ಯನನ್ನೇ ತೂಗಿ ನೋಡಿರುತ್ತದೆ.

1988ರ ಆಗಸ್ಟ್‌ನಲ್ಲಿ ಅವರು ಕರ್ನಾಟಕದ ಮುಖ್ಯಮಂತ್ರಿಯಾದರು. ಮುಂದಿನ ಏಪ್ರಿಲ್‌ನಲ್ಲಿ ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು; ಅವರಲ್ಲಿ ಏಳು ಮಂದಿ ಆಮೇಲೆ ಮಾತು ಬದಲಿಸಿದರು. ಸದನ 27ಕ್ಕೆ ಸೇರಲಿದೆ, ಬೇಕಿದ್ದರೆ ಇನ್ನೂ ಮೊದಲೇ ಸೇರಿಸೋಣ, ಬಹುಮತ ಅಲ್ಲಿಯೇ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. 21ರಂದೇ ಸರ್ಕಾರ ವಜಾ ಆಯಿತು.

ರಾಶಿಯನ್ನು ಕಣದಲ್ಲಿ, ನಾಲ್ಕು ಜನರ ಎದುರಿಗೇ ಅಳೆಯಬೇಕು. ಮನೆಯೊಳಗೆ ಕದ ಹಾಕಿಕೊಂಡು ಅಳೆದ ಲೆಕ್ಕವನ್ನು ನಮ್ಮ ರೈತ ಒಪ್ಪುವುದಿಲ್ಲ. ಬೊಮ್ಮಾಯಿ ಕೇಳಿದ್ದು ಇಷ್ಟನ್ನೇ.

ವಜಾವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದರು, ಅಲ್ಲಿ ಸೋತರು. ಸೋತ ಮೇಲೂ ಪ್ರಶ್ನೆಯನ್ನು ಕೈಬಿಡದಿರುವುದಕ್ಕೆ ಗೆಲುವಿಗಿಂತ ದೊಡ್ಡ ಧೈರ್ಯ ಬೇಕು.

1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತದ ಪರೀಕ್ಷೆಗೆ ಸದನವೇ ಜಾಗ, ರಾಜಭವನವಲ್ಲ. ಅಷ್ಟರಲ್ಲಿ ಕರ್ನಾಟಕದಲ್ಲಿ ಚುನಾವಣೆ ಮುಗಿದು ನಾಲ್ಕು ವರ್ಷ ಕಳೆದಿತ್ತು. ಕುರ್ಚಿ ಅವರಿಗೆ ಮರಳಲಿಲ್ಲ. ಮುಂದೆ ಬಂದ ಎಷ್ಟೋ ಮುಖ್ಯಮಂತ್ರಿಗಳ ಕುರ್ಚಿಗೆ, ಅವರು ಯಾವ ಪಕ್ಷದವರೇ ಆಗಿರಲಿ, ಆ ತೀರ್ಪು ಕಾವಲಾಯಿತು.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳಿಗೂ ಹೀಗೆಯೇ ಆಯಿತು; ಅವರು ಕೋರ್ಟಿಗೆ ಹೋದದ್ದು ಮಠದ ಭೂಮಿಗಾಗಿ. ಮಠ ಬೇಡಿದ್ದು ಮಠಕ್ಕೆ ಸಿಗಲಿಲ್ಲ. 1973ರ ಆ ತೀರ್ಪಿನಿಂದ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಮುಟ್ಟಬಾರದೆಂಬ ಮಾತು ದೇಶಕ್ಕೆ ಸಿಕ್ಕಿತು. ಕನ್ನಡ ನಾಡಿನ ಎರಡು ಹೆಸರುಗಳು ಹೀಗೆ ಕಾನೂನಿನ ಪುಸ್ತಕದಲ್ಲಿ ಅಕ್ಕಪಕ್ಕ ನಿಂತಿವೆ. 1994ರ ತೀರ್ಪು 1973ರದನ್ನು ಊರಿಕೊಂಡೇ ನಡೆಯಿತು.

ಆ 1973ರ ಪೀಠದಲ್ಲಿ ಕಾರ್ಕಳ ಸೀಮೆಯ ಕೆ. ಎಸ್. ಹೆಗ್ಡೆ ಇದ್ದರು. ವಕೀಲ, ರಾಜ್ಯಸಭಾ ಸದಸ್ಯ, ಆಮೇಲೆ ನ್ಯಾಯಮೂರ್ತಿ. ತೀರ್ಪಿನ ಬೆನ್ನಲ್ಲೇ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಬದಿಗಿಟ್ಟು ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಹೆಗ್ಡೆ ರಾಜೀನಾಮೆ ಕೊಟ್ಟರು. 1977ರಲ್ಲಿ ಜನ ಅವರನ್ನು ಲೋಕಸಭೆಗೆ ಕಳಿಸಿದರು, ಸಭೆ ಸ್ಪೀಕರ್ ಮಾಡಿತು.

ರಾಜಕಾರಣದಿಂದ ಬಂದವನು ನಿಷ್ಪಕ್ಷಪಾತಿ ಆಗಲಾರ ಎನ್ನುವವರು ಹೆಗ್ಡೆಯವರನ್ನು ನೆನೆಯಲಿ. ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋಗಿದ್ದವರು ಕಾಂಗ್ರೆಸ್ ಸರ್ಕಾರಕ್ಕೆ ಒಗ್ಗದ ತೀರ್ಪು ಬರೆದರು.

2018ರ ಮೇ 18ರಂದು ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೇಳಿತು: ನಾಳೆ ಸಂಜೆ 4ಕ್ಕೆ ಸದನದಲ್ಲಿ ಬಹುಮತ ತೋರಿಸಿ. ಎಣಿಕೆಗೆ ಮೊದಲೇ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಬೊಮ್ಮಾಯಿ ತೀರಿಕೊಂಡು ಆಗಲೇ ಹತ್ತು ವರ್ಷ ದಾಟಿತ್ತು. 1989ರಲ್ಲಿ ಅವರು ಕೇಳಿದ್ದೂ ಅಂಥ ಒಂದು ಸಂಜೆಯನ್ನೇ.