ಪಾತ್ರಪರೀಕ್ಷೆ

ವಿದ್ಯೆಯನ್ನು ಯಾರಿಗೆ ಕೊಡತಕ್ಕುದು, ಯಾರಿಗೆ ಕೊಡದಿರಬಹುದು ಎಂಬ ವಿಚಾರವು ನಮ್ಮ ಹಿರಿಯರಲ್ಲಿ ಬಹುಕಾಲದಿಂದ ನಡೆದುಬಂದುದು. ಈಚೆಗೆ ಅದೇ ಪ್ರಶ್ನೆಯು ಯಾರೂ ನಿರೀಕ್ಷಿಸದ ಒಂದೆಡೆಯಲ್ಲಿ, ಎಂದರೆ ಅಂತರಜಾಲದ ಒಂದು ವಿನೋದದಲ್ಲಿ, ತಲೆಯೆತ್ತಿದೆ. ಬರಿಯ ವಿನೋದವೆಂದು ವಾಚಕರು ಇದನ್ನು ತಳ್ಳಿಬಿಡಬಾರದು. ಪಗಡೆಯ ಹಾಸಿನ ಮೇಲೆ ಧರ್ಮಸಂಕಟ ಹುಟ್ಟಿದ ದೇಶವಿದು.

ಬಜರ್‌ಬೀಟರ್ ಎಂಬ ಆ ಆಟದಲ್ಲಿ ಪ್ರತಿಯೊಬ್ಬನೂ ಒಂದು ಬಾಸ್ಕೆಟ್‌ಬಾಲ್ ತಂಡದ ಯಜಮಾನ. ತಾನು ಚೆಂಡನ್ನು ಮುಟ್ಟುವುದಿಲ್ಲ. ಗಣಕಯಂತ್ರವು ಕಲ್ಪಿಸಿಕೊಟ್ಟ ಆಟಗಾರರನ್ನು ಕೊಳ್ಳುವುದು, ಮಾರುವುದು, ಪಳಗಿಸುವುದು, ಇಷ್ಟೇ ಅವನ ಕೆಲಸ. ಹದಿನಾಲ್ಕು ವಾರಗಳಿಗೊಂದು ಋತು. ಋತುವಿಗೊಮ್ಮೆ ೧೮-೧೯ ವರ್ಷದ ಹುಡುಗರು ತಂಡಕ್ಕೆ ಬರುತ್ತಾರೆ. ವಾರಕ್ಕೆ ಒಂದೇ ಕೌಶಲವನ್ನು ಕಲಿಸಬಹುದು. ಅದು ಪೂರ್ತಿಯಾಗಿ ಹತ್ತಬೇಕಾದರೆ ಹುಡುಗನು ಆ ವಾರ ನಿಯತವಾದ ಸ್ಥಾನದಲ್ಲಿ ೪೮ ನಿಮಿಷ ಆಡಿರಬೇಕು. ಪಂದ್ಯವೊಂದರ ಅವಧಿಯೇ ೪೮ ನಿಮಿಷ. ವಾರಕ್ಕೆ ಪಂದ್ಯಗಳು ಸಾಮಾನ್ಯವಾಗಿ ಮೂರು. ಆದಕಾರಣ ಒಂದು ಸ್ಥಾನದಲ್ಲಿ ಮೂವರಿಗಿಂತ ಹೆಚ್ಚು ಮಂದಿಗೆ ಪೂರ್ಣಶಿಕ್ಷಣ ದೊರೆಯದು. ನಾಲ್ಕನೆಯವನಿಗೆ ಕೊಟ್ಟ ಪ್ರತಿ ನಿಮಿಷವೂ ಆ ಮೂವರಲ್ಲಿ ಯಾವನಿಂದಲೋ ಕಿತ್ತುದೇ.

ಮೂವರನ್ನು ಆಯುವುದೆಂತು? ಕಿರಿಯನು ಬೇಗ ಕಲಿಯುತ್ತಾನೆ. ಹೀಗಾಗಿ ವಯಸ್ಸನ್ನು ನೋಡುತ್ತಾರೆ. ಎತ್ತರದವನಿಗೆ ಬುಟ್ಟಿಯ ಬಳಿಯ ವಿದ್ಯೆಗಳೂ, ಕುಳ್ಳನಿಗೆ ಚೆಂಡನ್ನು ನಡೆಸುವ, ಹಂಚುವ ವಿದ್ಯೆಗಳೂ ಸುಲಭವಾಗಿ ಬರುತ್ತವೆ. ಹೀಗಾಗಿ ಎತ್ತರವನ್ನು ನೋಡುತ್ತಾರೆ. ಮೂರನೆಯದು ವಿಚಿತ್ರ. ಈ ಹುಡುಗನು ಎಷ್ಟರವರೆಗೆ ಬೆಳೆಯಬಲ್ಲನೆಂಬುದನ್ನು ಅವನ ಹೆಸರಿನೊಡನೆ ಒಂದೇ ಮಾತಿನಲ್ಲಿ ಬರೆದಿರುತ್ತದೆ. ಆ ಎಲ್ಲೆ ಮುಟ್ಟಿದ ಬಳಿಕ ಕಲಿಕೆ ತೀರ ನಿಧಾನವಾಗುವುದು. ಬ್ರಹ್ಮಲಿಪಿಯನ್ನು ಓದಿದವರಿಲ್ಲ ಎನ್ನುತ್ತೇವೆ. ಇಲ್ಲಿ ಅದು ಅಚ್ಚಾಗಿಯೇ ಬರುತ್ತದೆ.

ಹೀಗಿರಲು ಆಯ್ಕೆಯು ಬರಿಯ ಲೆಕ್ಕವಾಗಬೇಕಷ್ಟೆ. ಆದರೂ ಆಡುವವರು ತಡವರಿಸುವುದುಂಟು. ತಮ್ಮ ತಂಡಕ್ಕೆ ಮೊದಲು ಬಂದ ಹುಡುಗನೆಂಬ ಒಂದೇ ಕಾರಣದಿಂದ, ಎಲ್ಲೆ ಕಿರಿದಾದವನನ್ನೂ ಋತುಗಟ್ಟಲೆ ಉಳಿಸಿಕೊಂಡು ನಷ್ಟಪಡುವವರಿದ್ದಾರೆ. ಇಲ್ಲದ ಮಗುವಿಗೆ ತೊಟ್ಟಿಲು ತೂಗುವ ಮೌಢ್ಯವೆಂದು ಇದನ್ನು ನಗಬಹುದು. ಆದರೆ ಒಂದು ಹೆಸರನ್ನು ಹೊಡೆದುಹಾಕುವಾಗ ತನ್ನ ಕೈ ಎಷ್ಟು ಸರಾಗವಾಗಿ ಆಡುವುದೆಂದು ಕಂಡು ಅಂಜಿದವನು ಮೂಢನಲ್ಲ. ಏಕೆಂದರೆ ಕೈಗೆ ಹತ್ತಿದ ವಾಡಿಕೆ ಆಟದ ಮಣೆಯ ಮೇಲೆಯೇ ನಿಲ್ಲುವುದೆಂಬ ಭರವಸೆಯೇನು?

ನಿಜವಾದ ಅಂಗಣದಲ್ಲಿ ಎಲ್ಲೆಯನ್ನು ಬರೆದಿಟ್ಟವರಿಲ್ಲ. ೧೯೭೮ರಲ್ಲಿ ಅಮೆರಿಕದ ವಿಲ್ಮಿಂಗ್ಟನ್ ಪಟ್ಟಣದ ಪ್ರೌಢಶಾಲೆಯಲ್ಲಿ ೧೫ ವರ್ಷದ ಮೈಕೇಲ್ ಜೋರ್ಡನನು ಮೊದಲ ತಂಡಕ್ಕೆ ಆಯ್ಕೆಯಾಗಲಿಲ್ಲ. ಅವನಿಗಿಂತ ಬಹಳ ಎತ್ತರನಾದ ಒಬ್ಬ ಸಹಪಾಠಿ ಆಯ್ಕೆಯಾದನು. ಮುಂದೆ ಆರು ಸಲ ಆ ದೇಶದ ವೃತ್ತಿತಂಡಗಳ ಪ್ರಶಸ್ತಿಯನ್ನು ಗೆದ್ದವನು ಇವನು. ಸರ್ಬಿಯದ ನಿಕೋಲ ಯೋಕಿಚನನ್ನು ೨೦೧೪ರಲ್ಲಿ ವೃತ್ತಿತಂಡಗಳು ಹುಡುಗರನ್ನು ಆಯ್ದಾಗ, ೪೦ ಮಂದಿಯ ಹೆಸರು ಕೂಗಿದ ಮೇಲೆ ಇವನ ಸರದಿ ಬಂತು. ೨೦೨೧ರಲ್ಲಿ ಅವನೇ ಋತುವಿನ ಶ್ರೇಷ್ಠ ಆಟಗಾರನೆನಿಸಿದನು. ನೋಡಿದವರು ಕುರುಡರಾಗಿರಲಿಲ್ಲ, ಅಂದು ಕಾಣುವಂತಿದ್ದುದನ್ನು ಕಂಡರು.

ಇಲ್ಲಿ ಪೂರ್ವಪಕ್ಷವೊಂದುಂಟು. ಇಂತಹವರು ಲಕ್ಷಕ್ಕೊಬ್ಬರು, ಕಾಲವೂ ಶ್ರಮವೂ ಮಿತವಾದವು, ಎಲ್ಲರಿಗೂ ಸಮನಾಗಿ ಹಂಚಿದರೆ ಒಬ್ಬನ ಹೊಟ್ಟೆಯೂ ತುಂಬದು. ಈ ಮಾತು ಬಲವಾದುದೇ. ಮೂವತ್ತು ಮಕ್ಕಳ ತರಗತಿಯಲ್ಲಿ ಪಾಠ ಹೇಳಿದ ಯಾವ ಉಪಾಧ್ಯಾಯನೂ ಇದನ್ನು ಅಲ್ಲಗಳೆಯಲಾರನು. ಆಯುವುದು ಅನಿವಾರ್ಯವೆಂದು ಒಪ್ಪಲೇಬೇಕು. ಆದರೆ ಆಯ್ದುದರಿಂದ ಉಳಿದವನ ವಿಷಯದಲ್ಲಿ ಕರ್ತವ್ಯ ತೀರಿತೇ?

ಜೋರ್ಡನನ ಕಥೆಯನ್ನು ಸಾಮಾನ್ಯವಾಗಿ ಅಪಮಾನದಿಂದ ಎದ್ದವನ ಕಥೆಯಾಗಿ ಹೇಳುತ್ತಾರೆ. ಅದರಲ್ಲಿ ಮರೆತುಹೋಗುವ ಸಂಗತಿಯೊಂದಿದೆ. ಅವನನ್ನು ಮನೆಗೆ ಅಟ್ಟಲಿಲ್ಲ, ಕಿರಿಯರ ತಂಡದಲ್ಲಿರಿಸಿದರು. ಹಿರಿಯರ ತಂಡದಲ್ಲಿದ್ದಿದ್ದರೆ ಬಹುಶಃ ಬೆಂಚಿನ ಮೇಲೆ ಕುಳಿತು ಋತುವನ್ನು ಕಳೆಯುತ್ತಿದ್ದವನು, ಅಲ್ಲಿ ಮನದಣಿಯೆ ಆಡಿದನು. ಶಿಕ್ಷಣವೆಂದರೆ ಆಡಿದ ನಿಮಿಷಗಳೆಂಬ ಬಜರ್‌ಬೀಟರಿನ ಸೂತ್ರದಿಂದ ನೋಡಿದರೆ, ಅವನನ್ನು ಬಿಟ್ಟ ಆಯ್ಕೆಯೇ ಅವನಿಗೆ ಕಲಿಸಿತು.

ದ್ರೋಣನ ವಿಷಯದಲ್ಲಿಯೂ ಎರಡು ಕೃತ್ಯಗಳನ್ನು ಬೇರೆಮಾಡಿ ನೋಡಬೇಕು. ಏಕಲವ್ಯನನ್ನು ಶಿಷ್ಯನಾಗಿ ಸ್ವೀಕರಿಸಲಿಲ್ಲವೆಂಬುದು ಒಂದು. ಕುಲವನ್ನು ನೋಡಿ ನಿರಾಕರಿಸಿದುದು ದೋಷವೇ. ಆದರೂ ರಾಜಕುಮಾರರಿಗೆ ಕಟ್ಟುಬಿದ್ದ ಗುರುವಿಗೆ ಬೇರೆಯವನಿಗೆ ಸಮಯವಿಲ್ಲವೆಂಬ ಸಮಾಧಾನವನ್ನಾದರೂ ಹೇಳಬಹುದಾಗಿತ್ತು. ಎರಡನೆಯದಕ್ಕೆ ಆ ಸಮಾಧಾನವೂ ಇಲ್ಲ. ತಾನು ಕೊಡದ ವಿದ್ಯೆಯನ್ನು ಕಾಡಿನಲ್ಲಿ ತಾನಾಗಿ ಗಳಿಸಿದವನಿಂದ, ಅರ್ಜುನನಿಗಿತ್ತ ಮಾತು ಉಳಿಯಲೆಂದು, ಹೆಬ್ಬೆರಳನ್ನು ಕೇಳಿದನು. ಕೊಡದಿರುವುದಕ್ಕೆ ಬಡತನ ಕಾರಣವಾದೀತು, ಕಿತ್ತುಕೊಳ್ಳುವುದಕ್ಕೆ ಆಗದು. ತಮ್ಮ ಆಯ್ಕೆ ಸುಳ್ಳಾಗಬಾರದೆಂಬ ಹಟದಿಂದ, ಬಿಟ್ಟ ಹುಡುಗನಿಗೆ ಬೇರೆಡೆಯ ಬಾಗಿಲನ್ನೂ ಮುಚ್ಚಿಸುವ ಹಿರಿಯರು ಇಂದಿಗೂ ಇಲ್ಲದಿಲ್ಲ. ಅವರು ಕೇಳುವುದು ಆ ಹೆಬ್ಬೆರಳನ್ನೇ.

ಗಣಕಯಂತ್ರದ ತಂಡದಲ್ಲಿ ನಾಲ್ಕನೆಯ ಹುಡುಗನಿಗೆ ಒಂದು ದಾರಿ ಉಂಟು. ಅವನನ್ನು ಮಾರಾಟಕ್ಕೆ ಇಡುತ್ತಾರೆ. ತಮ್ಮಲ್ಲಿ ಸಲ್ಲದವನು ಕೆಳಗಿನ ದರ್ಜೆಯ ಸಣ್ಣ ತಂಡವೊಂದರಲ್ಲಿ ವಾರವಾರವೂ ೪೮ ನಿಮಿಷ ಆಡಿಯಾನು. ಆದರೆ ಎಲ್ಲಿಗೆ ಹೋಗುವನೆಂಬುದು ಯಜಮಾನನ ಕೈಯಲ್ಲಿಲ್ಲ. ಅದು ಹರಾಜು, ಹೆಚ್ಚು ಕೂಗಿದವನಿಗೆ ಸಲ್ಲುವುದು. ಮಾರಿದ ಮೇಲೂ ಕೆಲವರು ಆ ಹುಡುಗನ ಪುಟವನ್ನು ಆಗಾಗ ತೆರೆದು, ಈ ವಾರ ಅವನು ಎಷ್ಟು ನಿಮಿಷ ಆಡಿದನೆಂದು ನೋಡುತ್ತಾರೆ.