ಕೇಳಿಸದ್ದನ್ನು ಬರೆಯಬಹುದೇ?

ಆಡಿಯೊ ಕೇಳಿ ಅಕ್ಷರಕ್ಕೆ ಇಳಿಸುವ ಕೆಲಸದಲ್ಲಿ ತೊಡಕು ಹತ್ತಾರು. ಗದ್ದಲ, ಒಬ್ಬರ ಮೇಲೊಬ್ಬರ ಮಾತು, ಬೆರಕೆ ಭಾಷೆ, ಊರೂರಿನ ಉಚ್ಚಾರ. ಒಂದೊಂದನ್ನೇ ಬಿಡಿಸುತ್ತ ಹೋದರೆ ತಳದಲ್ಲಿ ಉಳಿಯುವ ಸಂಶಯ ಒಂದೇ: ಸರಿಯಾಗಿ ಕೇಳಿಸದ ಮಾತನ್ನು ಸಂದರ್ಭ ನೋಡಿ ತುಂಬಬಹುದೋ, ಕೂಡದೋ?

ವಿಷಯಕ್ಕೆ ಬೆಂಗಳೂರಿನ ಮಾಮೂಲ್‌ಪೇಟೆಯನ್ನೇ ತೆಗೆದುಕೊಳ್ಳೋಣ. ಹೋಲ್‌ಸೇಲ್ ಅಂಗಡಿಯ ಹಿರಿಯ ಯಜಮಾನರೊಬ್ಬರು ಹಳೆಯ ವ್ಯಾಪಾರದ ಕಥೆ ಹೇಳುತ್ತಿದ್ದಾರೆ. ಫೋನು ಗಲ್ಲಾಪೆಟ್ಟಿಗೆ ಮೇಲೆ ರೆಕಾರ್ಡ್ ಮಾಡುತ್ತಿದೆ. ಗಿರಾಕಿಯೊಡನೆ ಕನ್ನಡ, ಮನೆಯವರೊಡನೆ ತೆಲುಗು, ಪಕ್ಕದಂಗಡಿಯವರೊಡನೆ ಹಿಂದಿ. ಹೊರಗೆ ಮೂಟೆ ಹೊತ್ತವರ ‘ಸೈಡ್, ಸೈಡ್’. ನಡುವೆ ಒಂದು ವಾಕ್ಯ: ‘ಆಗ ಗ್ರೋಸಿಗೆ …ಂಬತ್ತು ರೂಪಾಯಿ.’ ಮೊದಲಕ್ಷರದ ಮೇಲೆ ಸ್ಕೂಟರಿನ ಹಾರ್ನು ಕೂತಿದೆ. ಒಂಬತ್ತೋ, ಎಂಬತ್ತೋ, ತೊಂಬತ್ತೋ?

ಪೂರ್ವಪಕ್ಷದವರು ಹೇಳುವುದು: ‘ಹಳೇ ಕಾಲದ ಮಾತು ಅಂತ ಅವರೇ ಹೇಳಿದ್ದಾರಲ್ಲ, ಒಂಬತ್ತೇ ಇರಬೇಕು, ಬರೆದುಬಿಡಿ.’ ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಅವರದೇ ಇನ್ನೊಂದು ವಾದ ಗಟ್ಟಿಯಾದದ್ದು: ಊಹೆಯಿಲ್ಲದ ಕೇಳ್ಮೆಯೇ ಇಲ್ಲ. ಆಡುಮಾತಿನಿಂದ ಒಂದು ಪದವನ್ನು ಕತ್ತರಿಸಿ ಒಂಟಿಯಾಗಿ ಕೇಳಿಸಿದರೆ ಎಷ್ಟೋ ಸಲ ಅದು ಗುರುತೇ ಸಿಗುವುದಿಲ್ಲ. ಅಕ್ಕಪಕ್ಕದ ಮಾತು ಸೇರಿದಾಗಲೇ ಕಿವಿ ಅದನ್ನು ಪದವೆಂದು ಹಿಡಿಯುತ್ತದೆ. ಹಾಗಿದ್ದ ಮೇಲೆ ‘ಕೇಳಿದ್ದನ್ನಷ್ಟೇ ಬರೆಯಿರಿ’ ಎಂಬ ವಿಧಿಗೆ ಏನರ್ಥ?

ಈ ವಾದವನ್ನು ಒಪ್ಪಲೇಬೇಕು. ಒಪ್ಪಿಕೊಂಡೇ ಸಿದ್ಧಾಂತವನ್ನು ಹೇಳಬೇಕು. ಸಂದರ್ಭ ಒಂದೇ ಉತ್ತರ ಕೊಡುವ ಕಡೆ ಊಹೆಗೆ ಅಡ್ಡಿಯಿಲ್ಲ. ‘ನಾವೆಲ್ಲ ಬಂ…’ ಎಂಬಲ್ಲಿ ಬಾಲ ನುಂಗಿಹೋದರೆ ‘ಬಂದ್ವಿ’ ಎಂದು ಬರೆದವರನ್ನು ಯಾರೂ ದೂರುವುದಿಲ್ಲ. ಆದರೆ ಮೂರು ಕಡೆ ಸಂದರ್ಭ ಸಾಕ್ಷಿ ಹೇಳದು: ಅಂಕಿ, ಹೆಸರು, ಇಲ್ಲ ಎಂಬ ನಿಷೇಧ. ಒಂಬತ್ತು ಎಂದರೂ ತೊಂಬತ್ತು ಎಂದರೂ ವಾಕ್ಯ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ. ‘ಸಾಲ ಕೊಡಲ್ಲ’ ಅಂದರೋ ‘ಸಾಲ ಕೊಡ್ಲಾ?’ ಅಂದರೋ, ಎರಡೂ ಅದೇ ಬಾಯಲ್ಲಿ ಬರಬಹುದಾದ ಮಾತೇ. ಇಲ್ಲಿ ಜಾಗ ಬಿಟ್ಟು, ಸಮಯ ಗುರುತು ಹಾಕಿ, ಸಾಧ್ಯವಿರುವ ಪದಗಳನ್ನೆಲ್ಲ ಪಕ್ಕದಲ್ಲಿ ಬರೆದಿಡುವುದೇ ಸರಿ: [14:32 – ಒಂಬತ್ತು/ಎಂಬತ್ತು/ತೊಂಬತ್ತು]. ಯಜಮಾನರು ಸಿಕ್ಕಿದರೆ ಕೇಳಿಯೇ ಬಿಡಬಹುದು. ಅದಕ್ಕಿಂತ ದೊಡ್ಡ ಪ್ರಮಾಣ ಯಾವುದಿದೆ!

‘ಒಳ್ಳೇ ಹೆಡ್‌ಫೋನ್ ಹಾಕಿ, ವೇಗ ಇಳಿಸಿ ಕೇಳಿ’ ಎನ್ನುವವರಿಗೆ ಉತ್ತರ ಚಿಕ್ಕದು. ಉದಾಹರಣೆಗೆ, ಹಳೆಯ ಸಾಮಾನ್ಯ ಟೆಲಿಫೋನ್ ಕರೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತಿತ್ತು. ಸಕಾರದ ಸೀಟಿಯ ಬಹುಪಾಲು ಇರುವುದು ಆ ಮಿತಿಗಿಂತ ಮೇಲೆ. ರೆಕಾರ್ಡಿನಲ್ಲಿ ಬೀಳದ್ದನ್ನು ಯಾವ ಹೆಡ್‌ಫೋನೂ ತಂದುಕೊಡದು.

ಇನ್ನೊಂದು ಆಕ್ಷೇಪ ಮರ್ಯಾದೆಯದು. ‘ಹಕಾರ ಬಿಟ್ಟು ಮಾತಾಡುವವರ ಮಾತನ್ನು ಹಾಗೇ ಬರೆದರೆ ಅವರನ್ನು ಆಡಿಕೊಂಡಂತಲ್ಲವೇ?’ ಬರೆಯುವ ಕಾರಣ ನೋಡಿ ತೀರ್ಮಾನಿಸಬೇಕು. 1990ರ ಡಿಸೆಂಬರಿನಲ್ಲಿ ಉಜಿರೆ ಬಳಿಯ ಮಾಚಾರಿನಲ್ಲಿ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ತಂಡ ಧ್ವನಿಮುದ್ರಿಸಿಕೊಂಡಿತು. 15,683 ಸಾಲುಗಳ ಆ ಪಠ್ಯ ಅಚ್ಚಾದದ್ದು 1998ರಲ್ಲಿ. ಅಂಥ ಕಡೆ ಹಾಡುಗಾರನ ನುಡಿಯೇ ವಸ್ತು. ಗ್ರಾಂಥಿಕಕ್ಕೆ ತಿದ್ದಿದರೆ ಕೈಯಲ್ಲಿ ಉಳಿಯುವುದು ಬೇರೆಯೇ ಕೃತಿ. ಬರೀ ಮಾಹಿತಿಗಾಗಿ ಮಾಡಿದ ಸಂದರ್ಶನದಲ್ಲಿ ಅಷ್ಟು ಬಿಗಿ ಬೇಡ. ಅವಮಾನವಾಗುವುದು ಇದ್ದಂತೆ ಬರೆದಾಗ ಅಲ್ಲ, ಒಬ್ಬರಿಗೊಂದು ನ್ಯಾಯ ಮಾಡಿದಾಗ. ಬಸವನಗುಡಿಯ ಮೇಷ್ಟರ ‘ಹೋಗ್ಬೇಕಾಗತ್ತೆ’ಯನ್ನು ‘ಹೋಗಬೇಕಾಗುತ್ತದೆ’ ಎಂದು ಇಸ್ತ್ರಿ ಮಾಡಿ, ಹಮಾಲಿಯ ‘ಓಗ್ಬೇಕು’ವನ್ನು ಮಾತ್ರ ಹಾಗೇ ಬಿಡುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತಿದ್ದಿದರೆ ಇಬ್ಬರನ್ನೂ ತಿದ್ದಿ, ಬಿಟ್ಟರೆ ಇಬ್ಬರನ್ನೂ ಬಿಡಿ.

ತೆಲುಗು, ಹಿಂದಿ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಬರೆದು ಯಾವ ಭಾಷೆ ಎಂದು ಗುರುತಿಸಿದರೆ ಸಾಕು. ಇದರಲ್ಲಿ ಮೀಮಾಂಸೆಗೆ ಹೆಚ್ಚು ಎಡೆಯಿಲ್ಲ.

‘ಇನ್ನು ಮೇಲೆ ಎಲ್ಲ ಯಂತ್ರವೇ ಮಾಡುತ್ತೆ’ ಎಂಬ ಮಾತು ಈಗ ಎಲ್ಲೆಡೆ. ಯಂತ್ರ ಮೊದಲ ಕರಡು ಕೊಡಲಿ, ಬೇಡ ಎಂದವರು ಯಾರು? ಆದರೆ ಮೇಲಿನ ಸಂಶಯ ಯಂತ್ರಕ್ಕೂ ತಪ್ಪಿದ್ದಲ್ಲ. 2022ರಲ್ಲಿ ಬಂದ ವಿಸ್ಪರ್‌ನಂಥ ತಂತ್ರಾಂಶ, ಯಾರೂ ಮಾತಾಡದ ಕಡೆಯೂ ಕೆಲವೊಮ್ಮೆ ಪೂರ್ತಿ ವಾಕ್ಯವನ್ನೇ ಹುಟ್ಟಿಸಿಬಿಡುತ್ತದೆ, ಅದೂ ವ್ಯಾಕರಣಶುದ್ಧವಾಗಿ. ತಡವರಿಸುವ ತಪ್ಪು ಕಣ್ಣಿಗೆ ಬೀಳುತ್ತದೆ, ನಯವಾದ ತಪ್ಪು ಬೀಳುವುದಿಲ್ಲ. ಕನ್ನಡದ ಯಂತ್ರಕ್ಕೆ ಪಾಠವಾಗುವುದೂ ಮನುಷ್ಯರು ಕೇಳಿ ಬರೆದದ್ದೇ. ಅಲ್ಲಿ ಊಹಿಸಿ ತುಂಬಿದ ಅಂಕಿ ಇಲ್ಲಿ ಯಂತ್ರದ ಅಭ್ಯಾಸವಾಗುತ್ತದೆ.

ಕೊನೆಯ ಆಕ್ಷೇಪ ಹೊಟ್ಟೆಪಾಡಿನದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರದ್ದು. ಒಂದು ಗಂಟೆಯ ಆಡಿಯೊಗೆ ನಾಲ್ಕರಿಂದ ಆರು ಗಂಟೆ ಕೂರಬೇಕು. ಪೇಟೆಯ ಗದ್ದಲವಿದ್ದರೆ ಇನ್ನೂ ಹೆಚ್ಚು. ದುಡ್ಡು ಮಾತ್ರ ಆಡಿಯೊದ ನಿಮಿಷಕ್ಕೆ. ಬಿಟ್ಟ ಜಾಗ ಕಂಡರೆ ‘ಕೆಲಸ ಅರ್ಧಂಬರ್ಧ’ ಎಂದು ಹಣ ಹಿಡಿಯುತ್ತಾರೆ, ಊಹಿಸಿ ತುಂಬಿದವರಿಗೆ ಪೂರ್ತಿ ಎಣಿಸುತ್ತಾರೆ. ಹೀಗಿರುವಾಗ ಪ್ರಾಮಾಣಿಕತೆಯನ್ನು ಬರೆಯುವವರೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಗದ್ದಲದ ಕಡತಕ್ಕೆ ಬೇರೆ ದರ, ಸಮಯ ಗುರುತು ಹಾಕಿ ಬಿಟ್ಟ ಜಾಗಕ್ಕೂ ಪೂರ್ತಿ ಕೂಲಿ, ಸಂಶಯದ ಜಾಗಗಳಿಗೆ ಎರಡನೆಯವರ ಕಿವಿ: ಈ ಮೂರನ್ನು ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಕಾಗದದ ಮೇಲೆ ಬರೆಸಿಕೊಳ್ಳಬೇಕು.