ಯಾರದೀ ಗಾಡಿ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಮ್ಮವರ ಯೆಜ್ಡಿ ಮಾತ್ರ, ಅವರು ಹೋದ ಮೇಲೂ, ಜ್ಞಾನಭಾರತಿಯ ನಮ್ಮ ಮನೆಯಂಗಳದಲ್ಲಿ ಉಳಿದಿದೆ. ಅದಕ್ಕೆ ಕಿಕ್ಕರೂ ಗೇರೂ ಒಂದೇ ಲಿವರು. ಅವರು ಒದ್ದೊದ್ದು ಸವೆದ ಅದನ್ನು ಬದಲಿಸಬೇಡವೆಂದು ಮಗನೊಡನೆ ಜಗಳವಾಡಿದೆ. "ಹಾಗಾದರೆ ಗಾಡಿ ಹೊರಡೋದಿಲ್ಲಮ್ಮ" ಎಂದ. ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಅಲೆದು, ಕೊನೆಗೆ ಗುಜರಿಯಿಂದ ಒಂದನ್ನು ತಂದ.

ನೋಡಿದರೆ ಅದೂ ಸವೆದಿತ್ತು, ಸ್ವಲ್ಪ ಕಡಿಮೆ ಅಷ್ಟೆ. ಯಾರ ಮನೆಯವರ ಕಾಲೋ! ನಾನು ಬಿಡಲೊಲ್ಲೆ ಎಂದದ್ದನ್ನು ಯಾವಳೋ ಒಬ್ಬಳು ಬಿಟ್ಟುಕೊಟ್ಟಿದ್ದರಿಂದಲೇ ನಮ್ಮ ಗಾಡಿ ಓಡುತ್ತಿದೆ. ಅವಳಿಗೇನು ನೆನಪು ಕಡಿಮೆಯಿತ್ತೆ? ಹಣದ ಅಡಚಣೆಯೋ, ಜಾಗದ್ದೋ, ಯಾರು ಬಲ್ಲರು?

ಅವರು ಕೂಡಿಟ್ಟಿದ್ದ ಬಿಡಿಭಾಗಗಳ ಡಬ್ಬವನ್ನು ಅಂದೇ ಅಟ್ಟದಿಂದ ಇಳಿಸಿದೆ. "ಯಾರಾದರೂ ಹುಡುಕಿಕೊಂಡು ಬಂದರೆ ಕೊಟ್ಟುಬಿಡು" ಎಂದೆ. ಕೈ ಮಾತ್ರ ತುಸು ಹೊತ್ತು ಡಬ್ಬದ ಮೇಲೆಯೇ ಇತ್ತು.